ಧಡ್ಡೆಂದು ಇಳಿದವರು ಕಲಿಸಿದ್ದು

ಕಾರವಾರದ ನೌಕಾನೆಲೆಗೆ ಸೇರಿದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಯುದ್ಧವಿಮಾನವನ್ನು ನಯವಾಗಿ ಇಳಿಸಲು ಯಾರೂ ಹೋಗುವುದಿಲ್ಲ. ಬಾಲದ ಕೊಕ್ಕೆ ಡೆಕ್ಕಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ಸಿಗಬೇಕಲ್ಲ! ಬಂದ ಇಳಿಜಾರಿನಲ್ಲೇ ಡೆಕ್ಕಿಗೆ ಅಪ್ಪಳಿಸುತ್ತಾರೆ. 2020ರ ಜನವರಿ 11ರಂದು ನೌಕಾ ತೇಜಸ್ ಈ ಹಡಗಿನ ಮೇಲೆ ಮೊದಲ ಸಲ ಇಳಿದದ್ದೂ ಹಾಗೆಯೇ. ಸೆಕೆಂಡಿಗೆ ಸುಮಾರು 7 ಮೀಟರ್ ಕುಸಿತದ ಪೆಟ್ಟನ್ನು ತಾಳುವಂತೆ ಅದರ ಕಾಲುಗಳನ್ನು ಕಟ್ಟಲಾಗಿದೆ. ತರಬೇತಿಯ ಪುಟ್ಟ ವಿಮಾನಕ್ಕೆ ಆ ಭಾಗ್ಯವಿಲ್ಲ. ಅಮೆರಿಕದ ಹಳೆಯ ಪ್ರಮಾಣೀಕರಣ ನಿಯಮ ಅದರಿಂದ ಬಯಸುತ್ತಿದ್ದದ್ದು ಸೆಕೆಂಡಿಗೆ 7ರಿಂದ 10 ಅಡಿ ತಾಳಿಕೆ ಮಾತ್ರ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಮ್ಮವರು ಹಾರಲು ಕಲಿತದ್ದು ಟೈಗರ್ ಮಾತ್‌ನಲ್ಲಿ. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಿಂದ 1951ರಲ್ಲಿ ಎಚ್‌ಟಿ-2, 1958ರಲ್ಲಿ ಪುಷ್ಪಕ್ ಹಾರಿದವು. ಮೂರಕ್ಕೂ ಸಣ್ಣ ಆಸರೆ ಬಾಲದಡಿಯಲ್ಲಿ. ತೂಕದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದೆ. ಚಕ್ರ ಜೋರಾಗಿ ನೆಲಕ್ಕೆ ತಾಗಿದರೆ ಬಾಲ ಕುಸಿದು ಮೂತಿ ಏಳುತ್ತದೆ, ರೆಕ್ಕೆಗೆ ಮತ್ತೆ ಬಲ ಬರುತ್ತದೆ, ವಿಮಾನ ಪುಟಿಯುತ್ತದೆ. ತಪ್ಪನ್ನು ಶಿಷ್ಯನ ಕೈಗೆ ಕಟ್ಟಿ ‘ಇನ್ನೂ ಕೈ ಕೂತಿಲ್ಲ’ ಎಂದುಬಿಟ್ಟರೆ ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು.

1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 172, ಅದರ ಹಿಂದೆಯೇ ಬಂದ ಸೆಸ್ನಾ 150 ಮೂತಿ ಚಕ್ರವನ್ನು ತರಬೇತಿ ಶಾಲೆಗಳ ರೂಢಿಯಾಗಿಸಿದವು. ತೂಕ ಮುಂದೆ ಬಂತು; ಪೆಟ್ಟು ಬಿದ್ದಾಗ ಮೂತಿ ತಾನಾಗಿ ತಗ್ಗುತ್ತದೆ. ತೊಂದರೆ ತೀರಿತೇ? ಜಾಗ ಬದಲಿಸಿತು. ಪುಟಿದ ವಿಮಾನವನ್ನು ಕಂಡು ಗಾಬರಿಯಾದ ವಿದ್ಯಾರ್ಥಿ ಸ್ಟಿಕ್ಕನ್ನು ಮುಂದೆ ತಳ್ಳಿದರೆ ಮೂತಿ ಚಕ್ರವೇ ಮೊದಲು ನೆಲಕ್ಕೆ ಗುದ್ದುತ್ತದೆ. ಮತ್ತೆ ನೆಗೆತ, ಮತ್ತೆ ಗುದ್ದು, ಪ್ರತಿ ಸಲವೂ ಇನ್ನಷ್ಟು ಜೋರಾಗಿ. ಸೆಸ್ನಾದಲ್ಲಿ ಆ ಚಕ್ರದ ಕಾಲನ್ನು ಜೋಡಿಸಿರುವುದು ಎಂಜಿನ್ ಹಿಂದಿನ ಫೈರ್‌ವಾಲ್‌ಗೆ. ಹಾಗಾಗಿ ಇಂಥ ಲ್ಯಾಂಡಿಂಗ್ ಆದ ಮೇಲೆ ಮೆಕ್ಯಾನಿಕ್ ಟಾರ್ಚ್ ಹಿಡಿದು ಮೊದಲು ಹುಡುಕುವುದು ಆ ತಗಡಿನ ಮೇಲಿನ ಸುಕ್ಕು, ಸಡಿಲವಾದ ರಿವೆಟ್ಟು. ಬೆಂಗಳೂರಿನ ಎನ್‌ಎಎಲ್ 1993ರಲ್ಲಿ ಹಾರಿಸಿದ ಹಂಸ ತರಬೇತಿ ವಿಮಾನದ ಮೈ ಕಾಂಪೊಸಿಟ್‌ನದು. ಅಂಥ ಮೈಯಲ್ಲಿ ಪದರ ಒಳಗೇ ಬಿಟ್ಟಿದ್ದರೂ ಹೊರಗೆ ಕಾಣದೆ ಇರಬಹುದು. ನೋಡುವ ಕಣ್ಣೇ ಬೇರೆ ಬೇಕು.

ಕೈಯಿಂದ ಕಣ್ಣಿನ ಕಡೆಗೆ ವಿಚಾರ ಹೊರಳಿದ್ದು ತಡವಾಗಿ. ಎದುರಿನ ವಸ್ತು ಕಣ್ಣಲ್ಲಿ ಹಿಗ್ಗುವ ವೇಗದಿಂದಲೇ ಮುಟ್ಟಲು ಉಳಿದ ಹೊತ್ತು ತಿಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಲೀ 1976ರಲ್ಲಿ ಕಾರಿನ ಬ್ರೇಕನ್ನು ಮುಂದಿಟ್ಟು ವಾದಿಸಿದರು. ನೆಲ ಸಮೀಪಿಸಿದಾಗ ಮೂತಿ ಎತ್ತುವ ‘ಫ್ಲೇರ್’ ಕುರಿತ ಅಧ್ಯಯನಗಳೂ ಆ ದಾರಿ ಹಿಡಿದವು. ಕಣ್ಣು ಮೋಸ ಹೋಗುವ ಬಗೆಯನ್ನು ಈಗ ಪಾಠವಾಗಿಯೇ ಹೇಳುತ್ತಾರೆ. ಕಿರಿದಾದ ರನ್‌ವೇ ಕಂಡರೆ ಇನ್ನೂ ಎತ್ತರದಲ್ಲಿದ್ದೇವೆ ಎನಿಸಿ ಫ್ಲೇರ್ ತಡವಾಗುತ್ತದೆ. ಅಗಲವಾದದ್ದಾದರೆ ಬೇಗ ಎತ್ತಿ, ವೇಗ ಕಳೆದುಕೊಂಡು, ಮೇಲಿಂದ ಧಡ್ಡನೆ ಬೀಳುತ್ತಾರೆ. ಗುರುತು ಸಿಗದ ನೀರಿನ ಮೇಲಿಂದ ಬರುವಾಗಲೂ ಎತ್ತರ ಹೆಚ್ಚಿದ್ದಂತೆ ಭ್ರಮೆ.

ಕಾರವಾರದ ನೆರೆಯ ಅಂಕೋಲೆಯವರಿಗೆ ಈ ಭ್ರಮೆ ದೂರದ ಮಾತಲ್ಲ. ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆಯ ಜೊತೆಗೇ ನಾಗರಿಕ ವಿಮಾನ ನಿಲ್ದಾಣದ ಯೋಜನೆಯಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ಮಧ್ಯಾಹ್ನವಾದರೆ ಕಡಲಗಾಳಿ. ಸದ್ಯಕ್ಕೆ ಇಲ್ಲಿಯ ಹುಡುಗ ಹುಡುಗಿಯರು ಹಾರಲು ಕಲಿಯಬೇಕೆಂದರೆ ಬೆಂಗಳೂರಿನ ಜಕ್ಕೂರಿಗೋ ಬೆಳಗಾವಿಗೋ ಹೋಗಬೇಕು. ಬಯಲುನಾಡಿನ ರನ್‌ವೇಗೆ ಒಗ್ಗಿದ ಕಣ್ಣನ್ನು ಕರಾವಳಿಯಲ್ಲಿ ಮತ್ತೆ ಹದಗೊಳಿಸಬೇಕಾದೀತು.

ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಬಂದದ್ದು ಚಕ್ರದಿಂದಲ್ಲ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ‘ಗೋ ಅರೌಂಡ್’ಗೆ ಸಿಕ್ಕ ಮರ್ಯಾದೆಯಿಂದ. ಶಿಷ್ಯ ಒಬ್ಬನೇ ಹಾರುವ ಮೊದಲ ಸೋಲೊದಲ್ಲಿ ಪಕ್ಕದ ಬೋಧಕರ ತೂಕ ಇರುವುದಿಲ್ಲ. ಹಗುರಾದ ವಿಮಾನ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ. ಕೆಳಗೆ ಸ್ನೇಹಿತರು ನೋಡುತ್ತಿರುತ್ತಾರೆ, ಹೇಗಾದರೂ ಇಳಿಸಿಬಿಡೋಣ ಎನಿಸುತ್ತದೆ. ಸಣ್ಣ ನೆಗೆತವಾದರೆ ಮೂತಿಯನ್ನು ಹಾಗೇ ಹಿಡಿದು, ತುಸು ಪವರ್ ಕೊಟ್ಟು ಕೂರಿಸಬಹುದು. ದೊಡ್ಡದಾದರೆ ಥ್ರಾಟಲ್ ಪೂರ್ತಿ ಕೊಟ್ಟು, ಫ್ಲ್ಯಾಪನ್ನು ಹಂತ ಹಂತವಾಗಿ ಎತ್ತುತ್ತ ಮೇಲೇರಬೇಕು. ಸೋಲೊಗೆ ಬಿಡುವ ಮೊದಲು ಇದನ್ನು ರೂಢಿ ಮಾಡಿಸಲೆಂದು ಅನುಭವಿ ಬೋಧಕರು ಬೇಕೆಂದೇ ವಿಮಾನವನ್ನು ಒಮ್ಮೆ ಪುಟಿಸಿ, ಅರೆಗಳಿಗೆ ಸುಮ್ಮನಿದ್ದು, ಶಿಷ್ಯನ ಎಡಗೈ ಬಲಗೈ ಏನು ಮಾಡುತ್ತವೆ ಎಂದು ನೋಡುವುದುಂಟು.