ಸದ್ದಿಲ್ಲದ ಉಬ್ಬು: ಮಹಾಪಧಮನಿ ತಪಾಸಣೆಯ ಕಥೆ

1948ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್, ಹೊಟ್ಟೆನೋವಿನಿಂದ ಬಳಲುತ್ತಿದ್ದ ಒಬ್ಬ ರೋಗಿಯ ಉದರವನ್ನು ತೆರೆದು ನೋಡಿದರು. ಮಹಾಪಧಮನಿಯ ಒಂದು ಭಾಗ ಸಣ್ಣ ಚಕ್ಕೋತ ಹಣ್ಣಿನಷ್ಟು ಉಬ್ಬಿತ್ತು. ಅದನ್ನು ಕತ್ತರಿಸಿ ಬೇರೆ ನಾಳ ಜೋಡಿಸುವ ವಿಧಾನ ಆಗ ಬಳಕೆಗೆ ಬಂದಿರಲಿಲ್ಲ. ನಿಸ್ಸೆನ್ ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದರು. ಹಾಳೆಯ ಸುತ್ತ ನಾರಿನ ಅಂಗಾಂಶ ಬೆಳೆದು ನಾಳದ ಗೋಡೆ ಬಲಗೊಳ್ಳಲಿ ಎಂಬುದು ಉದ್ದೇಶ. ಆ ರೋಗಿ ಆಲ್ಬರ್ಟ್ ಐನ್‌ಸ್ಟೈನ್. ಆರು ವರ್ಷಗಳಿಗೂ ಹೆಚ್ಚು ಕಾಲ ಬದುಕಿದ ಅವರು, 1955ರಲ್ಲಿ ಉಬ್ಬು ಒಡೆದಾಗ ಮತ್ತೆ ಶಸ್ತ್ರಚಿಕಿತ್ಸೆ ಬೇಡವೆಂದರು. ಏಪ್ರಿಲ್ 18ರಂದು ನಿಧನರಾದರು.

ಹೃದಯದಿಂದ ಹೊರಟ ಮಹಾಪಧಮನಿ ಉದರದಲ್ಲಿ ಸುಮಾರು 2 ಸೆಂ.ಮೀ. ಅಗಲವಿರುತ್ತದೆ. ಅದು 3 ಸೆಂ.ಮೀ. ಅಥವಾ ಹೆಚ್ಚಾದರೆ ಅನ್ಯೂರಿಸಂ ಎನ್ನುತ್ತಾರೆ. ಧೂಮಪಾನ, ಮುಪ್ಪು, ವಂಶದಲ್ಲಿ ಇದೇ ತೊಂದರೆ ಇರುವುದು ಅಪಾಯವನ್ನು ಹೆಚ್ಚಿಸುತ್ತವೆ. ಲಾಪ್ಲಾಸ್ ನಿಯಮವನ್ನು ನೆನಪಿಸಿಕೊಳ್ಳಿ: ಒತ್ತಡ ಒಂದೇ ಆಗಿದ್ದರೂ ತ್ರಿಜ್ಯ ಹೆಚ್ಚಿದಂತೆ ಗೋಡೆಯ ಬಿಗಿತ ಹೆಚ್ಚುತ್ತದೆ. ಹೀಗಾಗಿ ಉಬ್ಬಿದ ನಾಳ ಮತ್ತಷ್ಟು ಉಬ್ಬುತ್ತದೆ. ಹೆಚ್ಚಿನವರಿಗೆ ಒಡೆಯುವವರೆಗೆ ಯಾವ ಸೂಚನೆಯೂ ಸಿಗುವುದಿಲ್ಲ. ಒಡೆದ ಮೇಲೆ ಹತ್ತರಲ್ಲಿ ಸುಮಾರು ಎಂಟು ಮಂದಿ ಬದುಕುವುದಿಲ್ಲ.

ಹಾಗಾದರೆ ಮೊದಲೇ ಹುಡುಕಬಾರದೇಕೆ? ಅದಕ್ಕೆ ಎರಡು ಸಾಧನಗಳು ಬೇಕಿದ್ದವು. ಮೊದಲನೆಯದು ಚಿಕಿತ್ಸೆ. 1951ರಲ್ಲಿ ಪ್ಯಾರಿಸ್‌ನ ಶಾರ್ಲ್ ದ್ಯುಬೋಸ್ತ್ ಉಬ್ಬಿದ ಭಾಗವನ್ನು ತೆಗೆದು, ಮೃತರಿಂದ ಪಡೆದು ಸಂರಕ್ಷಿಸಿದ್ದ ನಾಳವನ್ನು ಜೋಡಿಸಿದರು. ಎರಡನೆಯದು ನೋಡುವ ಉಪಕರಣ. ಲೋಹದಲ್ಲಿನ ಬಿರುಕು ಹುಡುಕುವ ಯಂತ್ರದಿಂದ ಪ್ರಯೋಗ ಆರಂಭಿಸಿದ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು, 1958ರಲ್ಲಿ ಹೊಟ್ಟೆಯೊಳಗಿನ ಶ್ರವಣಾತೀತ ಧ್ವನಿ ಚಿತ್ರಗಳನ್ನು ಪ್ರಕಟಿಸಿದರು. ನೋವಿಲ್ಲದೆ, ವಿಕಿರಣವಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮಹಾಪಧಮನಿಯ ಅಗಲವನ್ನು ಅಳೆಯುವುದು ಮುಂದೆ ಇದರಿಂದ ಸಾಧ್ಯವಾಯಿತು.

ಆದರೆ ಕಂಡ ಉಬ್ಬನ್ನೆಲ್ಲ ಕತ್ತರಿಸಬಹುದೆ? ಬ್ರಿಟನ್ನಿನಲ್ಲಿ 4ರಿಂದ 5.5 ಸೆಂ.ಮೀ. ಉಬ್ಬುಳ್ಳ 1,090 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ನಿಯಮಿತ ತಪಾಸಣೆ ಮಾತ್ರ. ಬೇಗನೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 5.8ರಷ್ಟು ಮಂದಿ 30 ದಿನಗಳೊಳಗೆ ತೀರಿಕೊಂಡರು. 1998ರಲ್ಲಿ ಹೊರಬಂದ ಫಲಿತಾಂಶದಂತೆ, ಬೇಗ ಕತ್ತರಿಸಿದ್ದರಿಂದ ಆಯುಷ್ಯವೇನೂ ಹೆಚ್ಚಲಿಲ್ಲ. 5.5 ಸೆಂ.ಮೀ. ಎಂಬ ಗಡಿಗೆ ಬಲವಾದ ಆಧಾರ ಸಿಕ್ಕಿದ್ದು ಹೀಗೆ.

ಇನ್ನುಳಿದದ್ದು, ಆರೋಗ್ಯವಾಗಿರುವವರನ್ನು ಕರೆದು ಪರೀಕ್ಷಿಸಿದರೆ ಸಾವು ಕಡಿಮೆಯಾಗುವುದೆ ಎಂಬ ಪ್ರಶ್ನೆ. ಪೋರ್ಟ್ಸ್‌ಮತ್, ಸೌತಾಂಪ್ಟನ್, ವಿಂಚೆಸ್ಟರ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರನ್ನು ಆರಿಸಿ, ಅರ್ಧ ಮಂದಿಯನ್ನು ಮಾತ್ರ ತಪಾಸಣೆಗೆ ಆಹ್ವಾನಿಸಲಾಯಿತು. 2002ರಲ್ಲಿ ಪ್ರಕಟವಾದ ನಾಲ್ಕು ವರ್ಷಗಳ ಲೆಕ್ಕ ಹೀಗಿದೆ: ಈ ಕಾಯಿಲೆಯಿಂದ ಸತ್ತವರು ಆಹ್ವಾನಿತರಲ್ಲಿ 65, ಉಳಿದವರಲ್ಲಿ 113. ಸಾವು ಶೇ. 42ರಷ್ಟು ತಗ್ಗಿತ್ತು.

ಇದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ತರಗತಿಯಲ್ಲಿ ಲೆಕ್ಕಹಾಕಿಸಿ. ಸುಮಾರು 33,900 ಮಂದಿಯನ್ನು ಕರೆದಾಗ ತಪ್ಪಿದ ಸಾವುಗಳು 48. ಎಂದರೆ, ಒಂದು ಸಾವನ್ನು ತಪ್ಪಿಸಲು ಸುಮಾರು 700 ಮಂದಿಗೆ ಆಹ್ವಾನ ಹೋಗಬೇಕು. ‘ಶೇ. 42’ ಮತ್ತು ‘700ಕ್ಕೆ ಒಂದು’ ಎರಡೂ ನಿಜ. ಒಂದನ್ನಷ್ಟೇ ಕೇಳಿದವರು ಮೋಸಹೋಗಬಹುದು.

ಇಂಗ್ಲೆಂಡ್ 2009ರಲ್ಲಿ 65 ತುಂಬಿದ ಗಂಡಸರಿಗೆ ಈ ತಪಾಸಣೆಯನ್ನು ಆರಂಭಿಸಿ, 2013ರ ವೇಳೆಗೆ ದೇಶದಾದ್ಯಂತ ವಿಸ್ತರಿಸಿತು. ಅಲ್ಲಿ 4.4 ಸೆಂ.ಮೀ.ವರೆಗಿನ ಉಬ್ಬನ್ನು ವರ್ಷಕ್ಕೊಮ್ಮೆ, 4.5ರಿಂದ 5.4ರವರೆಗಿನದನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೆ, 5.5 ಮುಟ್ಟಿದರೆ ಶಸ್ತ್ರವೈದ್ಯರ ಬಳಿಗೆ ಕಳುಹಿಸುತ್ತಾರೆ. ಹೆಂಗಸರಲ್ಲಿ ಈ ಉಬ್ಬು ವಿರಳ. ಚಿಚೆಸ್ಟರ್‌ನ ಅಧ್ಯಯನದಲ್ಲಿ ಅವರಿಗೆ ತಪಾಸಣೆಯಿಂದ ಲಾಭ ಕಾಣಲಿಲ್ಲ.

ಕಥೆ ಇಲ್ಲಿಗೆ ಮುಗಿದಿಲ್ಲ. 2002ರ ಅಧ್ಯಯನದಲ್ಲಿ ಪರೀಕ್ಷಿಸಿದವರ ಪೈಕಿ ಶೇ. 4.9ರಷ್ಟು ಮಂದಿಗೆ ಉಬ್ಬಿತ್ತು. ಈಗ ಇಂಗ್ಲೆಂಡಿನಲ್ಲಿ 65ರ ಗಂಡಸರಲ್ಲಿ ಅದು ಸುಮಾರು ಶೇ. 1 ಮಾತ್ರ. ಧೂಮಪಾನ ಕಡಿಮೆಯಾದದ್ದು ಇದಕ್ಕೊಂದು ಮುಖ್ಯ ಕಾರಣ. ಕಾಯಿಲೆ ವಿರಳವಾದಂತೆ ಒಂದು ಜೀವ ಉಳಿಸಲು ಕರೆಯಬೇಕಾದವರ ಸಂಖ್ಯೆ ಏರುತ್ತದೆ. ಸಣ್ಣ ಉಬ್ಬಿದೆಯೆಂದು ತಿಳಿದು ವರ್ಷಗಟ್ಟಲೆ ಆತಂಕದಲ್ಲಿ ಬದುಕುವವರನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆದ್ದರಿಂದ ಯಾವುದೇ ಸಾಮೂಹಿಕ ತಪಾಸಣೆಯ ಸುದ್ದಿ ಓದಿದಾಗ ನೀವು ಮೂರು ಪ್ರಶ್ನೆಗಳನ್ನು ಕೇಳಿ: ಎಷ್ಟು ಮಂದಿಯನ್ನು ಪರೀಕ್ಷಿಸಿದರು? ಎಷ್ಟು ಜೀವ ಉಳಿಯಿತು? ಯಾರಿಗೆ ತೊಂದರೆಯಾಯಿತು?