ನೀಲಿ ಬೆಳಕು ಮತ್ತು ಕೂಸಿನ ಕ್ಯಾಲ್ಸಿಯಂ: ಒಂದು ಸಂದೇಹದ ಚರಿತ್ರೆ

ಠಾಣೆಯ ನೌಪಾಡಾದಲ್ಲಿ ಹುಟ್ಟಿದ ಕೂಸು ಮೂರನೆಯ ದಿನ ಹಳದಿಗಟ್ಟಿದರೆ ನೆರೆಮನೆಯ ಮರಾಠಿ ಅಜ್ಜಿ 'ಕಾವೀಳ' ಎನ್ನುತ್ತಾರೆ. ಉತ್ತರ ಕರ್ನಾಟಕದಿಂದ ಬಂದ ಮನೆಯವರಿಗೆ ಅದು ಕಾಮಣಿ, ಕರಾವಳಿಯವರಿಗೆ ಅರಶಿನ ಮುಂಡಿಗೆ. ಆಸ್ಪತ್ರೆಯ ಹೊರಗೆ ಕಾದು ಕೂತವರೆಲ್ಲರ ಬಾಯಲ್ಲಿ ಮಾತ್ರ ಒಂದೇ ಮಾತು: 'ಮಗೂನ ಲೈಟಿನ ಕೆಳಗೆ ಇಟ್ಟಿದ್ದಾರೆ.' ಈ ಲೈಟು ಹಳದಿಗೆ ಕಾರಣವಾದ ರಕ್ತದ ಬಿಲಿರುಬಿನ್ ಇಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಜೊತೆಗೆ ಕ್ಯಾಲ್ಸಿಯಂ ಅನ್ನೂ ಇಳಿಸುತ್ತದೆಯೇ ಎಂಬ ಪ್ರಶ್ನೆ ನಾಲ್ಕು ದಶಕಗಳಿಗೂ ಹಳೆಯದು.

ಚಿಕಿತ್ಸೆ ಹುಟ್ಟಿದ್ದು ಒಬ್ಬ ದಾದಿಯ ಕಣ್ಣಿನಿಂದ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ದಿನ ಅವರು ವೈದ್ಯರಿಗೆ ತೋರಿಸಿದ ಕೂಸಿನ ಮೈಯೆಲ್ಲ ತಿಳಿಯಾಗಿತ್ತು. ಬಟ್ಟೆಯ ಅಂಚು ಮುಚ್ಚಿದ್ದ ತ್ರಿಕೋನದಷ್ಟು ಚರ್ಮ ಮಾತ್ರ ಗಾಢ ಹಳದಿಯಾಗಿಯೇ ಉಳಿದಿತ್ತು. ಬಿಸಿಲಲ್ಲಿ ಉಳಿದುಹೋದ ರಕ್ತದ ಮಾದರಿಯೊಂದರಲ್ಲಿ ಬಿಲಿರುಬಿನ್ ಕುಸಿದದ್ದೂ ಅಲ್ಲಿಯೇ ಕಂಡಿತು. ಅದೇ ಆಸ್ಪತ್ರೆಯ ಕ್ರೆಮರ್, ಪೆರಿಮನ್ ಮತ್ತು ರಿಚರ್ಡ್ಸ್ 1958ರಲ್ಲಿ 'ಲ್ಯಾನ್ಸೆಟ್'ನಲ್ಲಿ ಇದನ್ನು ಪ್ರಕಟಿಸಿದರು. ಸುಮಾರು 460 ನ್ಯಾನೋಮೀಟರಿನ ನೀಲಿ ಬೆಳಕನ್ನು ಹೀರಿಕೊಂಡ ಬಿಲಿರುಬಿನ್ ರೂಪ ಬದಲಿಸಿ, ಪಿತ್ತ ಮತ್ತು ಮೂತ್ರದಲ್ಲಿ ಹೊರಹೋಗುತ್ತದೆ. ಮಿದುಳಿಗೆ ವಿಷವೇರದಂತೆ ಈ ಚಿಕಿತ್ಸೆ ಉಳಿಸಿದ ಕೂಸುಗಳಿಗೆ ಲೆಕ್ಕವಿಲ್ಲ.

ಮೊದಮೊದಲ ಚಿಂತೆ ನೀರಿನದಾಗಿತ್ತು. ಹಳೆಯ ದೀಪಗಳ ಬಿಸಿಗೆ ಚರ್ಮದಿಂದ ನೀರು ಆವಿಯಾಗುತ್ತಿತ್ತು, ಮಲವೂ ತೆಳುವಾಗುತ್ತಿತ್ತು. ಹಾಲು ಸಾಲದಿದ್ದರೆ ಸೋಡಿಯಂ ಏರುಪೇರಾಗುವ ಭಯ. ಬಿಸಿ ಕಡಿಮೆಯಿರುವ ಎಲ್‌ಇಡಿ ಬಂದ ಮೇಲೆ ಆ ಭಯ ಬಹಳಷ್ಟು ತಗ್ಗಿತು.

ಕ್ಯಾಲ್ಸಿಯಂನ ಸಂದೇಹ ಬೇರೆ ಬಗೆಯದು. 1979ರಲ್ಲಿ ಇಟಲಿಯ ರೊಮಾನ್ಯೋಲಿ ಮತ್ತು ಸಂಗಡಿಗರು ಅವಧಿಪೂರ್ವ ಶಿಶುಗಳಲ್ಲಿ ಅದರ ಇಳಿಕೆಯನ್ನು ವರದಿ ಮಾಡಿದರು. ಎರಡು ವರ್ಷಗಳ ನಂತರ ಹಾಕನ್‌ಸನ್ ಮತ್ತು ಬರ್ಗ್‌ಸ್ಟ್ರಮ್ ಇಲಿಮರಿಗಳಲ್ಲಿ ಕಾರಣ ಹುಡುಕಿದರು. ಎಳೆಯ ತಲೆಬುರುಡೆಯನ್ನು ದಾಟಿದ ಬೆಳಕು ಮಿದುಳಿನ ಪೀನಿಯಲ್ ಗ್ರಂಥಿಯ ಮೆಲಟೋನಿನ್ ಹಾರ್ಮೋನನ್ನು ಕುಗ್ಗಿಸುತ್ತದೆ. ಅದರ ತಡೆಯಿಲ್ಲದೆ ಕಾರ್ಟಿಕೋಸ್ಟೀರಾಯ್ಡ್‌ನ ಕೈ ಮೇಲಾಗಿ, ರಕ್ತದ ಕ್ಯಾಲ್ಸಿಯಂ ಮೂಳೆಯೊಳಗೆ ಸೇರುತ್ತದೆ ಎಂಬುದು ಅವರ ವಾದ. ಮೆಲಟೋನಿನ್ ಕೊಟ್ಟಾಗ ಇಳಿಕೆ ನಿಂತಿತು.

ಭಾರತದ ಅಂಕಿಗಳು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತವೆ. 'ಇಂಡಿಯನ್ ಪೀಡಿಯಾಟ್ರಿಕ್ಸ್'ನಲ್ಲಿ 1993ರಲ್ಲಿ ಸೇಠಿ ತಂಡ ಪೂರ್ಣಾವಧಿಯ ಶಿಶುಗಳಲ್ಲಿ ಶೇ. 75, ಅವಧಿಪೂರ್ವದವರಲ್ಲಿ ಶೇ. 90ರಷ್ಟು ಮಂದಿಗೆ ಕ್ಯಾಲ್ಸಿಯಂ ಇಳಿದದ್ದನ್ನು ಕಂಡಿತು. ಅದೇ ಪತ್ರಿಕೆಯಲ್ಲಿ 1998ರಲ್ಲಿ ಜೈನ್ ತಂಡ ಕಂಡದ್ದು ಶೇ. 30 ಮತ್ತು 55. ಒಂದೇ ಬೆಳಕು, ಒಂದೇ ದೇಶ, ಇಷ್ಟೊಂದು ಅಂತರ! ಎರಡೂ ಕಡೆ ದಿನ ತುಂಬದ ಕೂಸೇ ಹೆಚ್ಚು ಸೋತಿದೆ ಎಂಬುದನ್ನು ನಂಬಬಹುದು. ಪ್ರಮಾಣವನ್ನು ನಂಬುವುದು ಕಷ್ಟ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಕ್ಯಾಲ್ಸಿಯಂ ನಿಲ್ಲುವುದರಿಂದ ಮೊದಲ 24–48 ಗಂಟೆಗಳಲ್ಲಿ ಅದು ಎಲ್ಲ ಶಿಶುಗಳಲ್ಲೂ ಇಳಿಯುತ್ತದೆ. ಲೈಟು ಹತ್ತುವುದೂ ಹೆಚ್ಚುಕಡಿಮೆ ಆ ದಿನಗಳಲ್ಲೇ. ಅದೇ ವಯಸ್ಸಿನ, ಲೈಟು ಕಾಣದ ಶಿಶುಗಳನ್ನು ಪಕ್ಕದಲ್ಲಿಟ್ಟು ಅಳೆಯದೆ ತಪ್ಪನ್ನು ಬೆಳಕಿನ ಮೇಲೆ ಹೊರಿಸುವುದು ಅವಸರವೆಂದೇ ನನ್ನ ಅಭಿಪ್ರಾಯ. ಹಾಗೆಂದು ಅವಧಿಪೂರ್ವ ಶಿಶುವಿನ ಕೈಕಾಲು ನಡುಗಿದರೆ, ಕ್ಯಾಲ್ಸಿಯಂ ಇಳಿದಿರಬಹುದೆಂದು ರಕ್ತ ಪರೀಕ್ಷಿಸದೆ ಬಿಡುವಂತಿಲ್ಲ.

ಪೀನಿಯಲ್ ವಾದವನ್ನು ನಂಬಿ ಈಜಿಪ್ಟಿನ ವೈದ್ಯರು ಲೈಟಿನ ಕೆಳಗಿನ ಶಿಶುಗಳಿಗೆ ಟೋಪಿ ತೊಡಿಸಿ ನೋಡಿದ್ದಾರೆ. ಓದುವಾಗ ನೌಪಾಡಾದ ಬಾಣಂತಿ ಮನೆಗಳಲ್ಲಿ ಕಾಣುವ ಕುಂಚಿಗೆ, ಕುಲಾವಿಗಳು ನೆನಪಾದವು. ಆದರೆ ಕೂಸಿನ ಮೈಚರ್ಮದ ಸುಮಾರು ಐದನೇ ಒಂದು ಪಾಲು ತಲೆಯಲ್ಲೇ ಇದೆ. ಅದನ್ನು ಮುಚ್ಚಿದಷ್ಟೂ ಬಿಲಿರುಬಿನ್‌ಗೆ ತಾಗುವ ಬೆಳಕು ಕಡಿಮೆಯಾಗುತ್ತದೆ. ಹೀಗಾಗಿ ಲೈಟಿನ ಕೆಳಗೆ ಕುಲಾವಿ ಬೇಕೋ ಬೇಡವೋ ಎಂಬುದನ್ನು ಅಜ್ಜಿಯಾಗಲಿ ಅಪ್ಪನಾಗಲಿ ತೀರ್ಮಾನಿಸುವಂತಿಲ್ಲ. ಆ ಕೂಸಿನ ಬಿಲಿರುಬಿನ್ ಅಂಕಿಯನ್ನು ಕೈಯಲ್ಲಿ ಹಿಡಿದ ವೈದ್ಯರೇ ಹೇಳಬೇಕು.