ನೀರಿನ ಮಾದರಿಯ ಸಂರಕ್ಷಣೆ: ಬಾಟಲಿಯೊಳಗೂ ನೀರು ಬದಲಾಗುತ್ತದೆ

ಕೊಳವೆಬಾವಿಯ ನೀರನ್ನು ಬಾಟಲಿಗೆ ತುಂಬಿದ ಮೇಲೂ ಅದರೊಳಗಿನ ಜೈವಿಕ ಹಾಗೂ ರಾಸಾಯನಿಕ ಕ್ರಿಯೆಗಳು ನಿಲ್ಲುವುದಿಲ್ಲ. ಆದ್ದರಿಂದ ತಡವಾಗಿ ಪ್ರಯೋಗಾಲಯ ತಲುಪಿದ ಮಾದರಿಯ ವರದಿಯು ನಿಮ್ಮ ಬಾವಿಯ ನಿಜಸ್ಥಿತಿಯನ್ನು ತಿಳಿಸದೆ ಹೋಗಬಹುದು.

ನೈಟ್ರೇಟ್: ಬೆಚ್ಚಗಿರುವ ಬಾಟಲಿಯಲ್ಲಿ ಸೂಕ್ಷ್ಮಾಣುಜೀವಿಗಳು ನೈಟ್ರೇಟನ್ನು ಬಳಸಿಕೊಂಡು ಅದರ ಪ್ರಮಾಣವನ್ನು ತಗ್ಗಿಸಬಹುದು, ನೀರಿನಲ್ಲಿ ಅಮೋನಿಯಂ ಇದ್ದರೆ ಅದನ್ನು ನೈಟ್ರೇಟ್ ಆಗಿ ಪರಿವರ್ತಿಸಿ ಹೆಚ್ಚಿಸಲೂಬಹುದು. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿ.ಗ್ರಾಂ. ಮಿತಿ ಮೀರಿದ ನೈಟ್ರೇಟ್ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ಕಾಯಿಸಿದರೂ ಅದು ನಿವಾರಣೆಯಾಗದು. ಹೀಗಿರುವಾಗ, ಪ್ರಮಾಣವನ್ನು ತಪ್ಪಾಗಿ ಕಡಿಮೆ ತೋರಿಸುವ ವರದಿ ಅಪಾಯಕಾರಿ. ಮಾದರಿಯನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲೆಯಲ್ಲಿಟ್ಟು 48 ಗಂಟೆಗಳೊಳಗೆ ಪರೀಕ್ಷೆಗೆ ಒಳಪಡಿಸಬೇಕು.

ಕಬ್ಬಿಣ: ಗಾಳಿಯ ಸಂಪರ್ಕದಿಂದ ಕರಗಿದ ಕಬ್ಬಿಣವು ಕೆಂಪು ಗಸಿಯಾಗಿ ತಳ ಸೇರುತ್ತದೆ. ಇದಕ್ಕಾಗಿ ಪ್ರಯೋಗಾಲಯದವರು ನೈಟ್ರಿಕ್ ಆಮ್ಲ ಸೇರಿಸಿದ ಪ್ರತ್ಯೇಕ ಬಾಟಲಿ ನೀಡುತ್ತಾರೆ. ಅದೇ ಬಾಟಲಿಯ ನೀರನ್ನು ನೈಟ್ರೇಟ್ ಪರೀಕ್ಷೆಗೆ ಬಳಸಬಾರದು.

ಫ್ಲೋರೈಡ್: ಇದು ಹೆಚ್ಚು ಸ್ಥಿರ. ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ 28 ದಿನಗಳವರೆಗೆ ಇಡಬಹುದು.

ಕೀಟನಾಶಕ ಶೇಷ: ಪ್ಲಾಸ್ಟಿಕ್ ಇದನ್ನು ಹೀರಿಕೊಳ್ಳಬಹುದು, ಬೆಳಕು ವಿಘಟಿಸಬಹುದು. ಕಂದು ಗಾಜಿನ ಬಾಟಲಿಯನ್ನೇ ಬಳಸಿ, ತಂಪಾಗಿಡಿ.

ಪಂಪನ್ನು ಕೆಲಕಾಲ ಓಡಿಸಿದ ನಂತರವೇ ಮಾದರಿ ತೆಗೆಯಿರಿ. ಬಾಟಲಿಯ ಮೇಲೆ ದಿನಾಂಕದೊಂದಿಗೆ ಸಮಯವನ್ನೂ ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಂದೇ ಪ್ರಯೋಗಾಲಯಕ್ಕೆ ತಲುಪಿಸಿ.